ಯಾವೂರು? ಯಾರ ಪೈಕಿ? ಏನ್ ಜನ?



ಹಾಸ್ಟೆಲ್ ಕಾಂಪೌಂಡಿನ ಹೊರಗೆ ಗೊತ್ತಿಲ್ಲದವನೊಬ್ಬ ಎರಡು ಸಲ ಓಡಾಡಿದರೆ ಸಾಕು, ರಾತ್ರಿ ಊಟದ ಹೊತ್ತಿಗೆ ಅವನು ಕಳ್ಳನಾಗಿರುತ್ತಾನೆ. ಮಲಗೋ ಹೊತ್ತಿಗೆ ಮಕ್ಕಳ ಕಳ್ಳನಾಗಿರುತ್ತಾನೆ. ಬೆಳಗ್ಗೆ ಎದ್ದರೆ ಅವನ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತೆ. ಅವನು ಹಳೇ ಪೇಪರ್ ಕೊಳ್ಳೋನೋ, ಕೂದಲು ತಗೊಂಡು ಪಾತ್ರೆ ಕೊಡೋನೋ, ಅಥವಾ ಮಗನನ್ನು ನೋಡೋಕೆ ಬಂದು ವಾರ್ಡನ್ನಿಗೆ ಹೆದರಿ ಗೇಟಿನ ಆಚೆಯೇ ನಿಂತ ಯಾರದೋ ಅಪ್ಪನೋ ಅಂತ ಒಬ್ಬರೂ ಹೋಗಿ ಕೇಳಿರೋದಿಲ್ಲ.

ಈ ಮಾತನ್ನು ಇಲ್ಲಿ ಎತ್ತಲು ಕಾರಣ ಇದೆ. ಇಂಥ ಮೆಸೇಜುಗಳನ್ನು ದಾಟಿಸುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಸಭೆಗೆ ಬಂದು ನೀಲಿ ಬಾವುಟ ಹಿಡಿಯೋ ಕೈಯೇ ಸಂಜೆ "ಹುಷಾರ್, ನಮ್ಮ ಏರಿಯಾಕ್ಕೆ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ" ಅಂತ ಒತ್ತುತ್ತಿದೆ. ಇದು ಚಿಕ್ಕ ವಿಷಯ ಅಂತ ಯಾರಾದರೂ ತಿಳಿದಿದ್ದರೆ 2018ನೇ ಇಸವಿಯನ್ನು ನೆನಪು ಮಾಡಿಕೊಳ್ಳಬೇಕು.

ಆ ವರ್ಷ ಮೇ 9ರಂದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ ಮನೆದೇವರ ಗುಡಿಗೆ ಹೊರಟಿದ್ದ 65 ವರ್ಷದ ಮುದುಕಿಯೊಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟಕ್ಕೇ ಜನ ಅವರನ್ನು ಹೊಡೆದು ಕೊಂದರು. ಅದೇ ಮೇ 23ರಂದು ನಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದ 26 ವರ್ಷದ ಹುಡುಗನ ಕೈಕಾಲಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದರು, ಕ್ರಿಕೆಟ್ ಬ್ಯಾಟಿನಲ್ಲಿ ಬಡಿದರು. ಅವನೂ ಉಳಿಯಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರ ಗುಂಪಿನಲ್ಲಿ ಒಬ್ಬ ಕತಾರ್ ದೇಶದವನು. ಅವನು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟ. ಮತ್ತೆ ಅದೇ ಚಾಕಲೇಟ್! ಒಂದು ಊರಿನಲ್ಲಿ ಜನ ಸುತ್ತುವರಿದಾಗ ಅವರು ಕಾರು ಹತ್ತಿ ಓಡಿದರು. ಕಾರಿಗಿಂತ ಮೊದಲು ಮೆಸೇಜು ಮುಂದಿನ ಊರು ಮುಟ್ಟಿತ್ತು. ಮುರ್ಕಿಯಲ್ಲಿ ರಸ್ತೆಗೆ ಮರ ಅಡ್ಡ ಹಾಕಿದ್ದರು. ಕಾರು ಹಳ್ಳಕ್ಕೆ ಬಿತ್ತು. 32 ವರ್ಷದ ಇಂಜಿನಿಯರ್ ಒಬ್ಬ ಅಲ್ಲೇ ಸತ್ತ. ತಡೆಯಲು ಹೋದ ಪೊಲೀಸರಿಗೂ ಏಟು ಬಿತ್ತು.

ಆ ದಿನಗಳಲ್ಲಿ ಊರೂರು ಸುತ್ತಿದ ವಿಡಿಯೋ ಯಾವುದು ಗೊತ್ತೇ? ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಹೀರಾತು. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದುಬಿಟ್ಟು, ಮಗು ಕಳೆದುಹೋಗೋಕೆ ಒಂದು ಗಳಿಗೆ ಸಾಕು ಅಂತ ತೋರಿಸ್ತಾರೆ. ಯಾರೋ ಪುಣ್ಯಾತ್ಮ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ. ಉಳಿದದ್ದನ್ನು ನೋಡಿ ಇಡೀ ದೇಶ ಕೋಲು ಹಿಡಿಯಿತು.

ಆದರೆ ನನ್ನ ನಿದ್ದೆ ಕೆಡಿಸಿರೋದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ. 2018ರ ಜುಲೈ 1, ಭಾನುವಾರ, ಸಂತೆಯ ದಿನ. ಅಲ್ಲಿ ಸತ್ತ ಐದು ಜನ ನಾಥಪಂಥಿ ಡವರಿ ಗೋಸಾವಿ ಅನ್ನೋ ಅಲೆಮಾರಿ ಸಮುದಾಯದವರು. ಅವರಲ್ಲಿ ಹೆಚ್ಚಿನವರು ನಮ್ಮ ಗಡಿಗೆ ಅಂಟಿಕೊಂಡ ಸೊಲ್ಲಾಪುರ ಜಿಲ್ಲೆಯವರು. ಭಿಕ್ಷೆ ಬೇಡಿ ತಿನ್ನೋರು. ಅವರನ್ನು ಗ್ರಾಮ ಪಂಚಾಯ್ತಿ ಆಫೀಸಿನ ಕೋಣೆಯೊಳಗೆ ಕೂಡಿ ಬಡಿದರು. ಪ್ರಜಾಪ್ರಭುತ್ವದ ಮೊದಲ ಮೆಟ್ಟಿಲು ಅಂತ ನಾವು ಪರೀಕ್ಷೆಯಲ್ಲಿ ಬರೀತೀವಲ್ಲ, ಅದೇ ಪಂಚಾಯ್ತಿ ಆಫೀಸು. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಸೀಮೆ ಬಡವರ ಸೀಮೆ, ಆದಿವಾಸಿಗಳ ಸೀಮೆ. ಅಂದರೆ ಕೊಂದವರು ಜಮೀನ್ದಾರರಲ್ಲ. ಹಸಿದವರು ಹಸಿದವರನ್ನು ಬಡಿದರು.

ಇದನ್ನು ಅನಕ್ಷರಸ್ಥರ ಮೂಢತನ ಅಂತ ಪತ್ರಿಕೆಯವರು ಬರೆದು ಕೈತೊಳೆದುಕೊಂಡರು. ನಾನು ಒಪ್ಪೋದಿಲ್ಲ. ಚಾಮರಾಜಪೇಟೆಯಲ್ಲಿ ಬ್ಯಾಟು ಹಿಡಿದವರು ಸ್ಮಾರ್ಟ್‌ಫೋನ್ ಓದಬಲ್ಲವರೇ ಆಗಿದ್ದರು. ಬೇರು ಬೇರೆ ಕಡೆ ಇದೆ.

ನಮ್ಮ ಹಳ್ಳಿಗಳಲ್ಲಿ ಹೊಸಬ ಬಂದರೆ ಏನು ಕೇಳ್ತಾರೆ? ಯಾವೂರಪ್ಪ? ಯಾರ ಪೈಕಿ? ಏನ್ ಜನ? ಮೊದಲ ಎರಡು ಪ್ರಶ್ನೆ ಬರೀ ಪೀಠಿಕೆ. ಮೂರನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಕೇಳಿದವನ ಮುಖ ಸಡಿಲ ಆಗುತ್ತೆ. ಅವನನ್ನು ಜಗಲಿಯ ಮೇಲೆ ಕೂರಿಸಬೇಕೋ, ಅಂಗಳದಲ್ಲಿ ನಿಲ್ಲಿಸಬೇಕೋ, ಲೋಟದಲ್ಲಿ ನೀರು ಕೊಡಬೇಕೋ, ಬೊಗಸೆಗೆ ಹುಯ್ಯಬೇಕೋ ಎಲ್ಲ ತೀರ್ಮಾನ ಆಗಿಬಿಡುತ್ತೆ. ಜಾತಿ ಗೊತ್ತಾದವನು ಈ ದೇಶದಲ್ಲಿ ಅಪರಿಚಿತ ಅಲ್ಲ, ಅವನ ಹೆಸರು ಗೊತ್ತಿಲ್ಲದಿದ್ದರೂ ಅಲ್ಲ. ಜಾತಿ ಪತ್ತೆ ಆಗದವನೇ ಅಪರಿಚಿತ. ನಮ್ಮ ಭಾಷೆ ಬಾರದ, ನಮ್ಮ ಮೂರನೇ ಪ್ರಶ್ನೆಗೆ ಉತ್ತರ ಕೊಡಲಾರದ ರಾಜಸ್ಥಾನದ ಹುಡುಗನನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಜನಕ್ಕೆ ಭಯ ಆಗುತ್ತೆ. ಸಿಟಿಯಲ್ಲಿ ರೂಮು ಹುಡುಕಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓನರು "ನೀವು ವೆಜ್ಜಾ?" ಅಂತ ಕೇಳ್ತಾನಲ್ಲ, ಅದು ಏನ್ ಜನ ಅನ್ನೋದರ ಪೇಟೆ ಕನ್ನಡ.

ಬಾಬಾಸಾಹೇಬರಿಗೂ ಇದೇ ಆಯಿತು. ಅಮೆರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಲು ಹೋದಾಗ ಅವರಿಗೆ ಇರಲು ಜಾಗ ಇಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಯಾರು ನೀನು ಅಂತ. ಒಂದು ವಾರ ಸಮಯ ಕೊಡಿ ಅಂತ ಬೇಡಿದರೂ ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ನೆಪ ಹೇಳಿ ಜಾರಿಕೊಂಡರು. ಕಾಮಾಠಿ ಬಾಗ್ ಅನ್ನೋ ಪಾರ್ಕಿನಲ್ಲಿ ಕೂತು ಹೊತ್ತು ಕಳೆದು, ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ಆವತ್ತು ಆ ಪಾರ್ಕಿನ ಸುತ್ತ ಮನೆ ಇದ್ದ ಯಾರಾದರೂ ಕಿಟಕಿಯಿಂದ ನೋಡಿ, ಪೆಟ್ಟಿಗೆ ಇಟ್ಟುಕೊಂಡು ಬಹಳ ಹೊತ್ತಿಂದ ಕೂತಿರೋ ಈ ಮನುಷ್ಯ ಯಾರಪ್ಪಾ ಅಂತ ಅನುಮಾನ ಪಟ್ಟಿರಬಹುದು.

ಇನ್ನೂ ಒಂದು ವಿಚಾರ. ಕೇರಿ ಯಾಕೆ ಊರಿನ ಹೊರಗಿದೆ? 1948ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ವಾದ ಮುಂದಿಟ್ಟರು. ಕಾದಾಟಗಳಲ್ಲಿ ಚೂರಾದ ಬುಡಕಟ್ಟುಗಳ ಒಡೆದ ಜನ ನೆಲೆ ನಿಂತ ಊರುಗಳ ಅಂಚಿಗೆ ಬಂದರು, ಹೊರಗಿನಿಂದ ನುಗ್ಗೋರನ್ನು ಕಾಯುವ ಕೆಲಸ ಅವರಿಗೆ ಬಿತ್ತು, ಬದಲಿಗೆ ಅನ್ನ ಮತ್ತು ನೆಲೆ. ಪಂಡಿತರು ಇದನ್ನು ಒಪ್ಪಲಿ ಬಿಡಲಿ, ನಮ್ಮ ತಾತಂದಿರು ಮಾಡಿದ್ದು ಇದನ್ನೇ. ತೋಟಿ, ತಳವಾರ, ಕುಳವಾಡಿ ಅಂತ ಹೆಸರು ಕೊಟ್ಟು, ಊರಿಗೆ ಯಾರು ಬಂದರು ಯಾರು ಹೋದರು ಅಂತ ಪಟೇಲನಿಗೆ ವರದಿ ಒಪ್ಪಿಸೋ ಚಾಕರಿ ಮಾಡಿಸಿಕೊಂಡರು. ಗ್ರಾಮ ಹುದ್ದೆಗಳನ್ನು ರದ್ದು ಮಾಡೋ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 1961ರಲ್ಲಿ. ಅಪರಿಚಿತನ ಮೇಲೆ ಕಣ್ಣಿಡೋದನ್ನು ನಮ್ಮ ಹೆಗಲಿಗೆ ಹೇರಿದ್ದು ಊರಿನ ಗೌಡ. ನಾವೇ ಊರೊಳಕ್ಕೆ ಕಾಲಿಡುವ ಹಾಗಿಲ್ಲ, ಆದರೂ ಊರನ್ನು ಪರಕೀಯರಿಂದ ಕಾಯಬೇಕು! ಆ ಕೋಲನ್ನು ಕಾನೂನು ಕಿತ್ತು ಬಿಸಾಡಿದ ಮೇಲೂ ನಾವು ಫೋನಿನಲ್ಲಿ ಮತ್ತೆ ಎತ್ತಿಕೊಂಡಿದ್ದೇವೆ. ಸಂಬಳ ಇಲ್ಲದ ತೋಟಿಕೆ ಇದು.

ನಮ್ಮ ಪಕ್ಕದಲ್ಲೇ ಟೆಂಟು ಹಾಕೋ ಜನ ಇದ್ದಾರಲ್ಲ, ಕೊರಮರು, ಕೊರಚರು, ಹಕ್ಕಿಪಿಕ್ಕಿಗಳು, ಸುಡುಗಾಡು ಸಿದ್ಧರು, ದೊಂಬರು, ಶಿಳ್ಳೇಕ್ಯಾತರು, ಇವರನ್ನು ನೋಡಿದರೆ ನಮ್ಮ ಕೇರಿಯ ಹೆಂಗಸರೂ ಕೋಳಿ ಮುಚ್ಚುತ್ತಾರೆ. ಈ ಅನುಮಾನದ ಒಂದು ಪಾಲು ಬ್ರಿಟಿಷರ ಕಾನೂನಿನ ಫಲ. 1871ರಲ್ಲಿ ಅವರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು, ಇಡೀ ಜಾತಿ ಜಾತಿಗಳನ್ನೇ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿದರು. ಹಾಜರಿ ಹಾಕದೆ ಊರು ಬಿಡೋ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅಂತ ಈಗಲೂ ಕರೆಯುವ ಬಡಾವಣೆ ಇದೆಯಲ್ಲ, ಅದು ಅವರನ್ನು ಬೇಲಿ ಹಾಕಿ ಕೂಡಿದ ಜಾಗ. 1952ರ ಆಗಸ್ಟ್ 31ಕ್ಕೆ ಆ ಕಾಯಿದೆ ರದ್ದಾಯಿತು. ಅವರೇನೋ ವಿಮುಕ್ತರಾದರು, ಪೊಲೀಸ್ ಠಾಣೆಯ ಬುದ್ಧಿ ವಿಮುಕ್ತವಾಗಲಿಲ್ಲ. ರೂಢಿಗತ ಅಪರಾಧಿಗಳ ಕಾಯಿದೆ ಅಂತ ರಾಜ್ಯಗಳು ಹೊಸ ಅಂಗಿ ತೊಡಿಸಿದವು. ಕರ್ನಾಟಕದ್ದು 1961ರದು. ಅದೇ ವರ್ಷ, ನೋಡಿ. ಒಂದು ಕೈಯಲ್ಲಿ ತೋಟಿಕೆ ಬಿಡಿಸಿದರು, ಇನ್ನೊಂದು ಕೈಯಲ್ಲಿ ಹಣೆಪಟ್ಟಿ ಹಚ್ಚಿದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳಲ್ಲಿನ ಜಾತಿ ತಾರತಮ್ಯದ ಮೇಲೆ ತೀರ್ಪು ಕೊಡುವಾಗ ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಹಿಡಿಯಬಾರದು ಅಂತ ಹೇಳಬೇಕಾಗಿ ಬಂತು. ರದ್ದಾಗಿ 72 ವರ್ಷ ಆದ ಮೇಲೆ!

ಲಾ ಓದುವ ಹುಡುಗರು ಹಳೆಯ 1898ರ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಂ ತೆಗೆದು ನೋಡಬೇಕು. ಕಣ್ಣಿಗೆ ಕಾಣೋ ಜೀವನೋಪಾಯ ಇಲ್ಲದವನನ್ನು, ತನ್ನ ಬಗ್ಗೆ ತೃಪ್ತಿಕರವಾಗಿ ಹೇಳಿಕೊಳ್ಳಲಾರದವನನ್ನು ಹಿಡಿದು ಜಾಮೀನು ಕೇಳಬಹುದಿತ್ತು. ಯಾರಿಗೆ ತೃಪ್ತಿ ಆಗಬೇಕು? ಬಡತನವೇ ಅನುಮಾನಕ್ಕೆ ಸಾಕ್ಷಿ. 1973ರ ಸಂಹಿತೆಯಲ್ಲಿ ಆ ಭಾಗ ಹೋಯಿತು, ಮುಖ ಮರೆಸಿಕೊಂಡು ಓಡಾಡುವವನ ಮೇಲಿನ ಭಾಗ ಉಳಿಯಿತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 128ನೇ ಕಲಂ.

ಹಾಗಾದರೆ ಭಯವೇ ಸುಳ್ಳಾ ಅಂತ ನೀವು ಕೇಳ್ತೀರಿ. ಮುಖ್ಯವಾಗಿ ಹೆಣ್ಣುಮಕ್ಕಳ ಹಾಸ್ಟೆಲಿನ ಗೆಳತಿಯರು ಕೇಳ್ತೀರಿ. ಸುಳ್ಳಲ್ಲ. ಕತ್ತಲಾದ ಮೇಲೆ ಗೇಟಿನ ಎದುರು ಬೈಕು ನಿಲ್ಲಿಸಿ ಸೀಟಿ ಹೊಡೆಯೋರನ್ನು ನೋಡಿ ನಿಮಗೆ ಆಗುವ ಭಯಕ್ಕೆ ಸಮಾಜಶಾಸ್ತ್ರದ ಪಾಠ ಹೇಳಿದರೆ ನನ್ನಂಥ ಮೂರ್ಖ ಇಲ್ಲ. ಆದರೆ ನೀವೇ ಹೇಳಿ, ಆ ಬೈಕಿನವರು ಅಪರಿಚಿತರಾ? ಅವರು ಯಾರ ಮಕ್ಕಳು ಅಂತ ಅಡಿಗೆಯವರಿಗೂ ಗೊತ್ತು, ವಾರ್ಡನ್ನಿಗೂ ಗೊತ್ತು. ಗೊತ್ತಿರೋದರಿಂದಲೇ ಯಾರೂ ಕಂಪ್ಲೇಂಟ್ ಬರೆಯೋಲ್ಲ. ಭಿಕ್ಷೆಯವನ ಫೋಟೋ ಗ್ರೂಪಿಗೆ ಹಾಕುವ ಧೈರ್ಯ ಮೆಂಬರನ ಮಗನ ಬೈಕ್ ನಂಬರು ಹಾಕೋಕೆ ಬರೋದಿಲ್ಲ.

2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಕೋರ್ಟಿನಲ್ಲಿ ಆರೋಪಿಗಳಾಗಿ ನಿಂತವರು ಎಲ್ಲಿಂದಲೋ ಬಂದ ಮುಸುಕಿನವರಲ್ಲ, ದಿನಾ ಮುಖ ನೋಡುವ ಅದೇ ಊರಿನವರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಎಲ್ಲರ ಬಿಡುಗಡೆ ಆಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಹೆದರಿದ್ದು ಯಾರಿಗೆ? ಗುರುತಿನವರಿಗೆ. ಕೇರಿಯ ಚರಿತ್ರೆಯಲ್ಲಿ ಬೆಂಕಿ ಬಹುಪಾಲು ಪರಿಚಯದ ಕೈಯಿಂದಲೇ ಬಂದಿದೆ. ನಾವು ಕಾಯಬೇಕಾದ ದಿಕ್ಕು ಒಂದಾದರೆ ನಮ್ಮ ಕತ್ತು ತಿರುಗಿರೋದು ಇನ್ನೊಂದು ಕಡೆಗೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮನುಷ್ಯನ ಬಟ್ಟೆ, ಭಾಷೆ, ಗಡ್ಡ ನೋಡಬೇಡಿ, ಅವನು ಏನು ಮಾಡ್ತಿದ್ದಾನೆ ನೋಡಿ. ಹತ್ತಿರ ಹೋಗಿ ಮರ್ಯಾದೆಯಿಂದ "ಯಾರನ್ನ ನೋಡಬೇಕಿತ್ತಣ್ಣ? ನೀರು ಬೇಕಾ?" ಅಂತ ಕೇಳಿ. ಅರ್ಧ ಅನುಮಾನ ಅಲ್ಲೇ ಕರಗುತ್ತೆ. ಉಳಿದರೆ 112ಕ್ಕೆ ಫೋನ್ ಮಾಡಿ, ಮಗುವಿನ ವಿಷಯವಾದರೆ 1098. ಫೋಟೋ ತೆಗೆಯಬೇಡಿ, ದಾಟಿಸಬೇಡಿ. 2018ರಲ್ಲಿ ವಾಟ್ಸಪ್ ಕಂಪನಿಯವರೇ ಭಯಬಿದ್ದು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಭಾರತದಲ್ಲಿ ಕಡಿವಾಣ ಹಾಕಿದರು. ಕೊಲ್ಲೋಕೆ ಐದು ಕೂಡ ಧಾರಾಳ ಆಯಿತು. ಜನ ಗುಂಪು ಕಟ್ಟಿದ್ದರೆ ನಾಲ್ಕು ಜನ ಹುಡುಗರು ಅವನ ಸುತ್ತ ನಿಂತುಕೊಳ್ಳಿ, ಒಬ್ಬ ಫೋನ್ ಮಾಡಲಿ. ಆ ವರ್ಷ ಜುಲೈ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಪ್ರತಿ ಜಿಲ್ಲೆಯಲ್ಲೂ ಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೊಬ್ಬರನ್ನು ಇಂಥ ಗುಂಪು ಹಿಂಸೆ ತಡೆಯಲು ನೇಮಿಸಬೇಕು ಅಂತ ಹೇಳಿದೆ. ನಿಮ್ಮ ಜಿಲ್ಲೆಯಲ್ಲಿ ಅದು ಯಾರು ಅಂತ ಅರ್ಜಿ ಕೊಟ್ಟು ಕೇಳಿ, ಉತ್ತರವನ್ನು ಹಾಸ್ಟೆಲ್ ನೋಟೀಸ್ ಬೋರ್ಡಿಗೆ ಹಚ್ಚಿ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಸ್ಥಳದ ಕಾರಣಕ್ಕೆ ಕೊಂದರೆ ಈಗ ನ್ಯಾಯ ಸಂಹಿತೆಯ 103ನೇ ಕಲಮಿನ ಎರಡನೇ ಉಪಕಲಂ ಪ್ರಕಾರ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಗುಂಪಿನಲ್ಲಿ ಹಿಂದೆ ನಿಂತಿದ್ದೆ ಅಂದರೆ ತಪ್ಪಿಸಿಕೊಳ್ಳೋದು ಸುಲಭ ಅಲ್ಲ. ನಮ್ಮ ಹುಡುಗರು ಅಂಥ ಕೇಸಿನಲ್ಲಿ ಸಿಕ್ಕಿಬಿದ್ದರೆ ವಕೀಲರನ್ನು ಇಡಲು ಯಾವ ಗೌಡನೂ ಬರೋದಿಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿ ಹಾಸ್ಟೆಲಿನವರೂ ಒಂದು ಚೀಟಿ ತರಬೇಕು. ನಿಮ್ಮ ಹಾಸ್ಟೆಲಿನಿಂದ ಒಂದು ಮೈಲಿ ಒಳಗೆ ಎಷ್ಟು ಟೆಂಟುಗಳಿವೆ, ಅವರು ಯಾವ ಕಡೆಯಿಂದ ಬಂದವರು, ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿಲ್ಲ, ಎಷ್ಟು ಮನೆಗೆ ರೇಷನ್ ಕಾರ್ಡಿಲ್ಲ, ಇಷ್ಟನ್ನು ಹೋಗಿ ಕೇಳಿ ಬರೆದು ತನ್ನಿ. ಏನ್ ಜನ ಅನ್ನೋದನ್ನು ಜಾತಿ ಸರ್ಟಿಫಿಕೇಟ್ ಸಿಕ್ಕಿಲ್ಲ ಅಂತ ಅವರೇ ಹೇಳಿದರೆ ಮಾತ್ರ ಬರೆದುಕೊಳ್ಳಿ, ತಾಲ್ಲೂಕು ಆಫೀಸಿಗೆ ಒಟ್ಟಿಗೆ ಹೋಗೋಣ.