ಸೌಂದರ್ಯ ಪ್ರಸಾಧನಗಳೂ ಆರೋಗ್ಯವೂ

ಅಲಂಕಾರಪ್ರಿಯತೆ ಮಾನವನಿಗೆ ಸಹಜವಾದುದು. ಅದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಒಂದು ಕಾಲಕ್ಕೆ ಮಾಗಡಿ ಸೀಮೆಯ ಮನೆಗಳಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಅರಿಶಿನ, ಹರಳೆಣ್ಣೆಯ ದೀಪದಿಂದ ಹಿಡಿದ ಕಾಡಿಗೆ ಇವಿಷ್ಟೇ ಪ್ರಸಾಧನ ಸಾಮಗ್ರಿಗಳಾಗಿದ್ದವು. ಅವುಗಳಲ್ಲಿ ಏನಿದೆಯೆಂಬುದು ಸಿದ್ಧಪಡಿಸಿದ ಅಜ್ಜಿಗೆ ತಿಳಿದಿತ್ತು. ಇಂದು ಕುದೂರಿನಂತಹ ಹೋಬಳಿ ಕೇಂದ್ರದಲ್ಲಿಯೂ ಬಗೆಬಗೆಯ ಕ್ರೀಮು, ಪೌಡರು, ಬಣ್ಣಗಳಿಗೆ ಬರವಿಲ್ಲ. ಅಂಗಡಿಯಲ್ಲಿ ಸಿಗದುದು ಮೊಬೈಲಿನ ಮೂಲಕ ಮನೆಬಾಗಿಲಿಗೇ ಬರುತ್ತದೆ. ಡಬ್ಬಿಯೊಳಗೆ ಏನಿದೆಯೆಂಬುದು ಮಾತ್ರ ಕೊಳ್ಳುವವರಿಗೂ ತಿಳಿಯದು, ಅನೇಕ ವೇಳೆ ಮಾರುವವರಿಗೂ ತಿಳಿಯದು.

ಹಾಗೆಂದು ಹಳೆಯದೆಲ್ಲ ನಿರಪಾಯಕರ, ಹೊಸದೆಲ್ಲ ವಿಷ ಎಂಬ ವಾದವೂ ಸಾಧುವಲ್ಲ. ಅರಿಶಿನಕ್ಕೆ ಸುಣ್ಣವನ್ನೋ ಬಿಳಿಗಾರವನ್ನೋ ಸೇರಿಸಿ ಮಾಡಿದ ಕುಂಕುಮ ಒಂದು ವಸ್ತು. ಅದೇ ಕೆಂಪಿನ ಸಿಂಧೂರ ಇನ್ನೊಂದು. ಸಿಂಧೂರವೆಂಬ ಹೆಸರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದುದು ಸೀಸದ ಆಕ್ಸೈಡ್ ಇಲ್ಲವೆ ಪಾದರಸದ ಸಲ್ಫೈಡ್. ಉತ್ತರ ದೇಶದಿಂದ ಬರುವ ಸುರ್ಮಾದ ಮೂಲವಸ್ತುವೂ ಅನೇಕ ಸಲ ಸೀಸದ ಅದಿರೇ. ಸೀಸವು ಮಕ್ಕಳ ಮಿದುಳಿಗೆ ಮಾಡುವ ಹಾನಿಯ ಕುರಿತು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಜನರನ್ನು ಎಚ್ಚರಿಸಿದರು. ಮನೆಯ ಕಾಡಿಗೆಯಲ್ಲಿ ಸೀಸವಿಲ್ಲದಿರಬಹುದು. ಆದರೂ ಎಳೆಗೂಸಿನ ಕಣ್ಣಿಗೆ ಬೆರಳಿನಿಂದ ತೀಡುವುದನ್ನು ವೈದ್ಯರು ಒಪ್ಪುವುದಿಲ್ಲ. ಅಂಟುಬೊಟ್ಟು ಹೊಸಕಾಲದ್ದು. ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ವಸ್ತುವಿನಿಂದ ಕೆಲವರ ಹಣೆಯಲ್ಲಿ ಬಿಳಿಯ ಕಲೆ ಮೂಡುತ್ತದೆ. ಇನ್ನು ಕೂದಲಿನ ಕಪ್ಪು ಬಣ್ಣ. ಹಚ್ಚುವ ಮುನ್ನ ಚರ್ಮದ ಮೇಲೆ ಪರೀಕ್ಷಿಸಿ ನೋಡಬೇಕೆಂಬ ಎಚ್ಚರಿಕೆಯನ್ನು ಸ್ಥಳೀಯ ಭಾಷೆಯಲ್ಲಿಯೂ ಮುದ್ರಿಸಬೇಕೆಂದು ಕಾನೂನಿದೆ. ಮುದ್ರಿಸುತ್ತಾರೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ!

ಇವೆಲ್ಲಕ್ಕಿಂತ ಗಂಭೀರವಾದುದು ಮುಖವನ್ನು ಬೆಳ್ಳಗೆ ಮಾಡುವುದಾಗಿ ಸಾರುವ ಕ್ರೀಮುಗಳ ವಿಷಯ. ಚರ್ಮಕ್ಕೆ ಕಪ್ಪು ಬಣ್ಣವನ್ನು ಕೊಡುವ ಮೆಲನಿನ್ ಉತ್ಪತ್ತಿಯನ್ನು ಪಾದರಸ ತಡೆಯುತ್ತದೆ. ಆದುದರಿಂದ ಪಾದರಸ ಬೆರೆತ ಕ್ರೀಮು ತನ್ನ ಮಾತನ್ನು ಉಳಿಸಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಮುಖ ಬಿಳುಪೇರುತ್ತದೆ. ಅಪಾಯವಿರುವುದು ಈ ಯಶಸ್ಸಿನಲ್ಲಿಯೇ. ಚರ್ಮದ ಮೂಲಕ ಒಳಸೇರಿದ ಪಾದರಸ ಮೂತ್ರಪಿಂಡಗಳನ್ನು ಸೇರುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ತಮ್ಮಲ್ಲಿಗೆ ಬಂದ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ಒಂದು ಅಪರೂಪದ ಪ್ರಭೇದಕ್ಕೆ ಸೇರಿದ್ದವು. ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮನ್ನು ಬಳಸಿದ್ದವರು. ಬಳಕೆ ನಿಂತ ಬಳಿಕ ಹೆಚ್ಚಿನವರು ಚೇತರಿಸಿಕೊಂಡರು.

ಪಾದರಸದ ಉಗ್ರತೆಯನ್ನು ಜಗತ್ತು ಕಂಡುದು ಜಪಾನಿನ ಮಿನಮಾಟದಲ್ಲಿ, 1956ರಲ್ಲಿ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವು 2018ರಲ್ಲಿ ಅಂಗೀಕರಿಸಿತು. ಪಾದರಸ ಸೇರಿಸಿದ ಪ್ರಸಾಧನಗಳನ್ನು 2025ರೊಳಗೆ ಕೊನೆಗಾಣಿಸಬೇಕೆಂದು ಅದರ ಸದಸ್ಯ ರಾಷ್ಟ್ರಗಳು 2023ರಲ್ಲಿ ನಿರ್ಣಯಿಸಿದವು. ನಮ್ಮ ದೇಶದ 1940ರ ಔಷಧ ಮತ್ತು ಪ್ರಸಾಧನ ಕಾಯಿದೆ, 2020ರ ಪ್ರಸಾಧನ ನಿಯಮಗಳು ಇವು ಸೀಸ, ಆರ್ಸೆನಿಕ್, ಪಾದರಸಗಳಿಗೆ ಕಟ್ಟುನಿಟ್ಟಾದ ಕಡಿವಾಣ ಹಾಕಿವೆ. ಕಾನೂನಿಗೆ ಕೊರತೆಯಿಲ್ಲ. ತಯಾರಕನ ವಿಳಾಸವೇ ಇಲ್ಲದ ಡಬ್ಬಿಯ ಮೇಲೆ ಅದನ್ನು ಚಲಾಯಿಸುವುದು ಹೇಗೆ? ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಗಂಧದ ಸಾಬೂನಿಗೆ ಒಂದು ಊರಿತ್ತು, ಹೊಣೆ ಹೊರುವವರಿದ್ದರು. ಎಲ್ಲಿಂದಲೋ ಬಂದ ಈ ಕ್ರೀಮಿಗೆ ಅವೆರಡೂ ಇಲ್ಲ.

ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಘಟಕಗಳ ಪಟ್ಟಿ ಇಲ್ಲದ ಡಬ್ಬಿಯನ್ನು ವಿದ್ಯಾರ್ಥಿನಿಯರು ಮುಟ್ಟದಿರುವುದೇ ಲೇಸು. ಪಾದರಸ ಕೆಲವೊಮ್ಮೆ ಕ್ಯಾಲೊಮೆಲ್ ಎಂಬ ಹೆಸರಿನಲ್ಲಿಯೂ ಅಡಗಿರುತ್ತದೆ. ಚಿನ್ನ, ಬೆಳ್ಳಿಯ ಒಡವೆಗಳಿಗೆ ತಾಗಿಸಬಾರದೆಂಬ ಸೂಚನೆ ಕಂಡರೆ ಒಳಗೆ ಪಾದರಸವಿರುವ ಸಂಭವವುಂಟು. ಒಡವೆಗೆ ಆಗದುದು ಕೆನ್ನೆಗೆ ಆದೀತೆ? ವೈದ್ಯರ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮುಗಳೂ ಇದೇ ಪಂಕ್ತಿಯವು. ಅವು ಚರ್ಮವನ್ನು ತೆಳುವಾಗಿಸಿ ಮೊಡವೆಗಳನ್ನು ಎಬ್ಬಿಸುತ್ತವೆ. 2018ರಲ್ಲಿ ಅಂತಹ 14 ಮುಲಾಮುಗಳ ಬಿಡಿ ಮಾರಾಟಕ್ಕೆ ವೈದ್ಯರ ಚೀಟಿ ಕಡ್ಡಾಯವಾಯಿತು. ಆದರೂ ನೆರೆಮನೆಯವರ ಸಲಹೆಯ ಮೇರೆಗೆ ಕೊಳ್ಳುವ ಅಭ್ಯಾಸ ತಪ್ಪಿಲ್ಲ.

ದೋಷವನ್ನು ಹುಡುಗಿಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಮಗಳು ಕಪ್ಪು, ಸಂಬಂಧ ಕೂಡುವುದು ಕಷ್ಟ ಎಂದು ಮನೆಯ ಹಿರಿಯರೇ ಅವಳೆದುರಿಗೆ ಆಡಿಕೊಳ್ಳುವಾಗ, ಅವಳು ಬಿಳುಪನ್ನು ಕೊಳ್ಳಲು ಹೊರಡುವುದರಲ್ಲಿ ಆಶ್ಚರ್ಯವೇನು? ಜಾಹೀರಾತಿಗಿಂತ ಮೊದಲು ಆ ಮಾತು ನಿಲ್ಲಬೇಕಾಗಿದೆ. ಹಾಗೆ ಕೊಂಡವಳು ಅದನ್ನು ಗುಟ್ಟಾಗಿಯೇ ಹಚ್ಚುತ್ತಾಳೆ. ಕಾಯಿಲೆ ಬಿದ್ದಾಗಲೂ ಹೇಳಲು ನಾಚುತ್ತಾಳೆ. ಕಾಲು, ಮುಖ ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಾಣಿಸಿಕೊಂಡರೆ ತಾಯಂದಿರು ಗದರಿಸದೆ ಕೇಳಿ ತಿಳಿಯಬೇಕು. ಆಸ್ಪತ್ರೆಗೆ ಹೋಗುವಾಗ ಆ ಕ್ರೀಮಿನ ಡಬ್ಬಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು.