ಸಣ್ಣ ಕಾಲೇಜಿನ ದೊಡ್ಡ ಹಂಬಲ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದವರ ಫುಟ್‌ಬಾಲೇ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಹಿಡಿದವನನ್ನು ಎದುರಾಳಿಗಳು ಮೇಲೆ ಬಿದ್ದು ಕೆಡವುತ್ತಾರೆ. ಕಡೆಗೆ ಹನ್ನೊಂದು ಜನ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆಟದ ಸಂಗತಿಯನ್ನಲ್ಲ. ಆ ಆಟಕ್ಕಾಗಿ ಹುಡುಗರನ್ನು ಆರಿಸಿ ಕಾಲೇಜಿಗೆ ಕರೆತರುವ ಬಗೆಯನ್ನು. ಅಷ್ಟು ದೂರದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ; ಅದನ್ನು ಕಡೆಯಲ್ಲಿ ಅರಿಕೆ ಮಾಡುತ್ತೇನೆ.

ನಮ್ಮಲ್ಲಿ ಕಾಲೇಜು ತೆರೆದ ಮೇಲೆ ನೋಟೀಸು ಬೋರ್ಡಿನಲ್ಲಿ ಪ್ರಕಟಣೆ ಹಾಕಿ, ಬಂದ ಹುಡುಗರಲ್ಲಿಯೇ ತಂಡ ಕಟ್ಟುವುದು ರೂಢಿ. ಅಲ್ಲಿ ಹಾಗಲ್ಲ. ಹುಡುಗನು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜುಗಳು ಅವನ ಬೆನ್ನು ಹತ್ತುತ್ತವೆ. ತರಬೇತುದಾರರು ಊರೂರು ತಿರುಗಿ, ಆಟ ನೋಡಿ, ಮನೆಗೆ ಹೋಗಿ, ತಾಯಿತಂದೆಯರ ಎದುರು ಕುಳಿತು ಮಾತನಾಡುತ್ತಾರೆ. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವಾಗಿನ ಸಡಗರ, ಉಪಚಾರ, ಬಣ್ಣದ ಮಾತು ಎಲ್ಲವೂ ಅಲ್ಲಿರುತ್ತದೆ. ಕಾಲೇಜು ಕೊಡುವ ಮುಖ್ಯ ಉಡುಗೊರೆಯೆಂದರೆ ವಿದ್ಯಾರ್ಥಿವೇತನ. ಅದರಲ್ಲಿ ಪಾಠದ ಶುಲ್ಕ, ವಸತಿ, ಊಟ, ಪುಸ್ತಕಗಳ ವೆಚ್ಚವೆಲ್ಲ ಸೇರಿರುತ್ತದೆ. ಮೇಲ್ಮಟ್ಟದ ತಂಡವೊಂದು ಇಂತಹ ವೇತನವನ್ನು 85 ಮಂದಿಗೆ ಮಾತ್ರ ಕೊಡಬಹುದೆಂಬ ನಿಯಮ ಬಹುಕಾಲ ಇದ್ದಿತು.

ಇದಲ್ಲದೆ ಹುಡುಗರಿಗೆ ನಕ್ಷತ್ರ ಹಚ್ಚುವ ಖಾಸಗಿ ಸಂಸ್ಥೆಗಳೂ ಉಂಟು. ಅತ್ಯುತ್ತಮನೆಂದು ತೋರಿದವನಿಗೆ ಐದು ನಕ್ಷತ್ರ, ಸಾಧಾರಣನಿಗೆ ಎರಡೋ ಮೂರೋ. ಐದು ನಕ್ಷತ್ರದವನ ಬಾಗಿಲಿಗೆ ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳೇ ಸಾಲುಗಟ್ಟಿ ಬರುತ್ತವೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂಡಬಹುದು. ಆ ಜನಸಾಗರವನ್ನು ಕಂಡ ಹದಿನೇಳು ವರ್ಷದ ಹುಡುಗ ಸಣ್ಣ ಊರಿನ ಕಾಲೇಜಿನತ್ತ ತಿರುಗಿ ನೋಡುವನೆ? ಹಾಗಾದರೆ ಮೇಲೇರಬೇಕೆಂಬ ಹಂಬಲವಿರುವ ಸಣ್ಣ ಕಾಲೇಜು ಮಾಡಬೇಕಾದದ್ದೇನು? ಇದೇ ಪ್ರಶ್ನೆ.

ಇದಕ್ಕೆ ಉತ್ತರ ಕೊಟ್ಟ ಕಾಲೇಜುಗಳಲ್ಲಿ ಐಡಾಹೊ ಸಂಸ್ಥಾನದ ಬಾಯ್ಸಿ ಸ್ಟೇಟ್ ಒಂದು. 1932ರಲ್ಲಿ ಅದು ಎರಡು ವರ್ಷದ ಜೂನಿಯರ್ ಕಾಲೇಜಾಗಿ ಹುಟ್ಟಿತು. 1965ರಲ್ಲಿ ನಾಲ್ಕು ವರ್ಷದ ಕಾಲೇಜಾಯಿತು, 1974ರಲ್ಲಿ ವಿಶ್ವವಿದ್ಯಾನಿಲಯವೆನಿಸಿತು. ಫುಟ್‌ಬಾಲಿನಲ್ಲಿ ಅತ್ಯುನ್ನತ ದರ್ಜೆಗೆ ಏರಿದ್ದು 1996ರಲ್ಲಿ. ಅದರ ಕ್ರೀಡಾಂಗಣದಲ್ಲಿ ಸುಮಾರು 36 ಸಾವಿರ ಜನರಿಗೆ ಮಾತ್ರ ಸ್ಥಳ. 1986ರಲ್ಲಿ ಅಂಗಣಕ್ಕೆ ಹಸುರಿನ ಬದಲು ನೀಲಿ ಹಾಸು ಹಾಸಿದಾಗ ನಕ್ಕವರು ಕೆಲವರಲ್ಲ. ಆದರೆ ಆ ನೀಲಿ ಬಣ್ಣ ದೇಶದ ಹುಡುಗರ ನೆನಪಿನಲ್ಲಿ ಉಳಿಯಿತು. 2007ರ ಜನವರಿ 1ರಂದು ಈ ಕಾಲೇಜು ಫಿಯೆಸ್ಟ ಬೌಲ್ ಪಂದ್ಯದಲ್ಲಿ ಬಲಾಢ್ಯವಾದ ಓಕ್ಲಹೋಮ ತಂಡವನ್ನು ಹೆಚ್ಚುವರಿ ಆಟದಲ್ಲಿ 43–42ರಿಂದ ಸೋಲಿಸಿ, ಆ ವರ್ಷ ಆಡಿದ 13 ಪಂದ್ಯಗಳನ್ನೂ ಗೆದ್ದಿತು. ಕ್ರಿಸ್ ಪೀಟರ್ಸನ್ ಎಂಬ ತರಬೇತುದಾರನ ಎಂಟು ವರ್ಷಗಳಲ್ಲಿ (2006–2013) ಗೆಲವು 92, ಸೋಲು 12.

ಇದು ಹೇಗೆ ಸಾಧ್ಯವಾಯಿತು? ಹಣದಿಂದ ಅಲ್ಲ; ದೊಡ್ಡವರಷ್ಟು ಹಣ ಅದರಲ್ಲಿರಲಿಲ್ಲ. ದೊಡ್ಡವರು ನೋಡದ ಕಡೆ ನೋಡಿದ್ದರಿಂದ ಸಾಧ್ಯವಾಯಿತೆಂದು ನನ್ನ ಅಭಿಪ್ರಾಯ. ಎರಡು ಉದಾಹರಣೆಗಳನ್ನು ಕೊಡುತ್ತೇನೆ.

ವಾಷಿಂಗ್ಟನ್ ಸಂಸ್ಥಾನದ ಪ್ರಾಸರ್ ಎಂಬ ಸಣ್ಣ ಊರಿನ ಕೆಲನ್ ಮೂರ್ ಎಡಗೈಯವನು. ಹೈಸ್ಕೂಲಿನಲ್ಲಿ ಅವನ ತಂದೆಯೇ ಅವನ ತರಬೇತುದಾರ. ಚೆಂಡೆಸೆಯುವ ನಾಯಕನಿಗೆ ಬೇಕಾದ ಎತ್ತರವಾಗಲಿ ತೋಳ್ಬಲವಾಗಲಿ ಅವನಲ್ಲಿ ಸಾಲದೆಂದು ಬಲ್ಲವರು ತೀರ್ಮಾನಿಸಿದ್ದರು. ಬಾಯ್ಸಿಯವರು ಅವನ ಎತ್ತರವನ್ನು ಅಳೆಯುವ ಬದಲು ಅವನು ಆಟವನ್ನು ಓದುವ ಬಗೆಯನ್ನು ನೋಡಿದರು. 2008ರಿಂದ 2011ರವರೆಗೆ ಅವನು ಮುನ್ನಡೆಸಿದ 53 ಪಂದ್ಯಗಳಲ್ಲಿ 50 ಗೆಲವು, 3 ಸೋಲು. ಮೇಲ್ದರ್ಜೆಯ ಕಾಲೇಜು ಆಟದಲ್ಲಿ ಅಷ್ಟು ಗೆಲವು ಕಂಡ ನಾಯಕ ಅವನಿಗೆ ಮುಂಚೆ ಯಾರೂ ಇರಲಿಲ್ಲ.

ಇನ್ನೊಬ್ಬ ಲೇಟನ್ ವ್ಯಾಂಡರ್ ಎಶ್. ಐಡಾಹೊದಲ್ಲಿ ರಿಗಿನ್ಸ್ ಎಂಬುದು ಕೆಲವು ನೂರು ಜನರ ಹಳ್ಳಿ. ಹನ್ನೊಂದು ಜನರ ತಂಡ ಕಟ್ಟುವಷ್ಟು ಹುಡುಗರೂ ಅಲ್ಲಿನ ಶಾಲೆಯಲ್ಲಿಲ್ಲ. ಆದ್ದರಿಂದ ಎಂಟು ಜನರ ಫುಟ್‌ಬಾಲ್ ಆಡುತ್ತಾರೆ. ಅಲ್ಲಿಂದ ಬಂದ ಈ ಹುಡುಗ ವಿದ್ಯಾರ್ಥಿವೇತನವಿಲ್ಲದೆ, ಬರಿಯ ಅವಕಾಶವನ್ನು ಬೇಡಿ ಬಾಯ್ಸಿಯ ತಂಡ ಸೇರಿದ. ಕಾದ, ಬೆಳೆದ. 2018ರಲ್ಲಿ ವೃತ್ತಿ ತಂಡಗಳ ಆಯ್ಕೆಯಲ್ಲಿ ಮೊದಲ ಸುತ್ತಿನಲ್ಲೇ, ಹತ್ತೊಂಬತ್ತನೆಯವನಾಗಿ, ಡಲ್ಲಾಸ್ ತಂಡಕ್ಕೆ ಆಯ್ಕೆಯಾದ. ನಕ್ಷತ್ರಗಳ ಲೆಕ್ಕವನ್ನೇ ನಂಬಿದ್ದರೆ ಅವನು ಹಳ್ಳಿಯಲ್ಲೇ ಉಳಿಯುತ್ತಿದ್ದ.

ಇಷ್ಟರವರೆಗೆ ಕಥೆ ಚೆನ್ನಾಗಿದೆ. ಆದರೆ ಮೇಲೇರುತ್ತ ಹೋದಂತೆ ಮೇಲಿನವರ ಗಾಳಿಯೂ ಬೀಸುತ್ತದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. 2024ರಿಂದ, ಓದಿನಲ್ಲಿ ಹಿಂದೆ ಬೀಳದವನು ಎಷ್ಟು ಬಾರಿ ಬೇಕಾದರೂ ಕಾಲೇಜು ಬದಲಿಸಿ ಕೂಡಲೇ ಆಡಬಹುದೆಂದಾಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯಂತೆ ಕಾಲೇಜೇ ತನ್ನ ಆಟಗಾರರಿಗೆ, ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ಹಂಚಬಹುದು. ವೇತನದ 85ರ ಮಿತಿ ಹೋಗಿ, ತಂಡದಲ್ಲಿ ಒಟ್ಟು 105 ಜನ ಎಂಬ ಮಿತಿ ಬಂದಿತು.

ಹುಡುಗರಿಗೆ ಹಣ ಬಂದದ್ದನ್ನು ನಾನು ತಪ್ಪೆನ್ನುವುದಿಲ್ಲ. ಅವರ ಬೆವರಿನಿಂದ ಕ್ರೀಡಾಂಗಣ ತುಂಬುವಾಗ ಅವರ ಜೇಬು ಮಾತ್ರ ಬರಿದಾಗಿರಬೇಕೆಂಬುದು ಯಾವ ನ್ಯಾಯ? ಕಾಲೇಜು ಬಿಟ್ಟುಹೋಗುವ ಹುಡುಗನನ್ನು ಕೃತಘ್ನನೆಂದು ಹಳಿಯುವವರೂ ಇದ್ದಾರೆ. ಹಾಗಾದರೆ ತರಬೇತುದಾರರ ಮಾತೇನು? ಪೀಟರ್ಸನ್ 2013ರ ಡಿಸೆಂಬರಿನಲ್ಲಿ ಬಾಯ್ಸಿಯನ್ನು ಬಿಟ್ಟು ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಹೋದ. 2022ರಲ್ಲಿ ಮೇಲ್ದರ್ಜೆಗೆ ಬಂದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾನಿಲಯದ ತರಬೇತುದಾರ ಕರ್ಟ್ ಸಿಗ್ನೆಟಿ, ಮರುವರ್ಷದ ಕೊನೆಯಲ್ಲಿಯೇ ಇಂಡಿಯಾನಕ್ಕೆ ಹೋದಾಗ ಅವನ ಹಿಂದೆ ಹತ್ತಕ್ಕೂ ಹೆಚ್ಚು ಆಟಗಾರರು ಹೋದರು. ಗುರುವಿಗೆ ಸಲ್ಲುವ ಸ್ವಾತಂತ್ರ್ಯ ಶಿಷ್ಯನಿಗೂ ಸಲ್ಲಬೇಕು.

ಅದೇ ಬಾಯ್ಸಿಯಲ್ಲಿ ಆಷ್ಟನ್ ಜೆಂಟಿ ಎಂಬ ಓಟಗಾರ, ಬೇರೆಯವರು ಹೆಚ್ಚು ಹಣದ ಆಸೆ ತೋರಿದರೂ ಉಳಿದುಕೊಂಡ. 2024ರಲ್ಲಿ ಚೆಂಡು ಹಿಡಿದು 2,601 ಗಜ ಓಡಿ, ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕದ ಮತಗಣನೆಯಲ್ಲಿ ಎರಡನೆಯವನಾದ. ತಂಡ ಹನ್ನೆರಡು ತಂಡಗಳ ಅಂತಿಮ ಪಂದ್ಯಾವಳಿಗೆ ಹೋಯಿತು. ಇದು ಮೆಚ್ಚತಕ್ಕದ್ದೇ. ಆದರೆ ಒಬ್ಬ ಹುಡುಗನ ದೊಡ್ಡ ಮನಸ್ಸನ್ನು ನಂಬಿ ಸಂಸ್ಥೆಯೊಂದನ್ನು ನಡೆಸಲಾಗದು. ಸಂಸ್ಥೆಯ ಮನಸ್ಸೂ ದೊಡ್ಡದಾಗಿರಬೇಕು.

ನನ್ನ ಆಕ್ಷೇಪಣೆ ಇಲ್ಲಿಯೇ. ಹುಡುಗರು ಹೋಗುವುದಾದರೆ ನಾವೂ ಬೇರೆ ಕಡೆ ಆಡಿ ಪಳಗಿದವರನ್ನು ತಂದರಾಯಿತು ಎಂದು ಕಾಲೇಜು ಯೋಚಿಸತೊಡಗಿದರೆ, ರಿಗಿನ್ಸಿನ ಹುಡುಗನಿಗೆ ಸ್ಥಳವೆಲ್ಲಿ? 105ರ ಮಿತಿಯೊಳಗೆ, ವೇತನವಿಲ್ಲದೆ ಬಂದು ಮೂರು ವರ್ಷ ಕಾಯುವವನನ್ನು ಇಟ್ಟುಕೊಳ್ಳುವ ತಾಳ್ಮೆ ಯಾರಿಗಿದ್ದೀತು? ಪಳಗಿದವರನ್ನು ಕೊಳ್ಳುವ ಪೈಪೋಟಿಯಲ್ಲಿ ಹೆಚ್ಚು ಹಣವುಳ್ಳವನೇ ಗೆಲ್ಲುತ್ತಾನೆ. ಸಣ್ಣ ಕಾಲೇಜು ತನಗೆ ಗೊತ್ತಿದ್ದ ಒಂದು ವಿದ್ಯೆಯನ್ನೂ ಮರೆತು ಸೋಲುತ್ತದೆ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಂತೆ.

ಇನ್ನೊಂದು ಮಾತು, ಕೊಟ್ಟ ಮಾತಿನದು. 1973ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಘವು ವಿದ್ಯಾರ್ಥಿವೇತನವನ್ನು ವರ್ಷ ವರ್ಷಕ್ಕೆ ನವೀಕರಿಸುವ ಪದ್ಧತಿಯನ್ನು ತಂದಿತು. ಹಲವು ವರ್ಷಗಳ ವೇತನವನ್ನು ಒಮ್ಮೆಗೇ ಕೊಡಲು ಮತ್ತೆ ಅನುಮತಿ ದೊರೆತದ್ದು 2012ರಲ್ಲಿ. ನಡುವಿನ ಸುಮಾರು ನಲವತ್ತು ವರ್ಷ, ಆಟ ಕುಗ್ಗಿದವನ ಓದು ತರಬೇತುದಾರನ ಮರ್ಜಿಯಲ್ಲಿತ್ತು. ತಾಯಿಯ ಮುಂದೆ ಕುಳಿತು "ನಿಮ್ಮ ಮಗ ನಮ್ಮ ಮಗ" ಎಂದವರು, ಮಗ ಕುಂಟಿದಾಗ ಏನನ್ನುತ್ತಾರೆ ಎಂಬುದೇ ಕಾಲೇಜಿನ ನಿಜವಾದ ಪರೀಕ್ಷೆ.

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ. ನಮ್ಮೂರಿನಲ್ಲಿ ನನಗಿಂತ ಎರಡು ವರ್ಷ ಹಿರಿಯನಾದ ಒಬ್ಬ ಕಬಡ್ಡಿ ಆಟಗಾರನಿದ್ದ. ನಾನು ಅವನನ್ನು ಅಣ್ಣ ಎಂದೇ ಕರೆಯುವುದು. ಬೇರೊಂದು ಊರಿನ ಕಾಲೇಜಿನವರು ಮನೆಗೆ ಬಂದು, ಶುಲ್ಕವಿಲ್ಲ, ಹಾಸ್ಟೆಲ್ ಊಟ ಪುಕ್ಕಟೆ ಎಂದು ಹೇಳಿ ಕರೆದುಕೊಂಡು ಹೋದರು. ಮೊದಲ ವರ್ಷ ಕಪ್ ಬಂದಿತು. ಇವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಎರಡನೆಯ ವರ್ಷ ಮೊಣಕಾಲಿಗೆ ಪೆಟ್ಟಾಯಿತು. ಮೂರು ತಿಂಗಳೊಳಗೆ ಶುಲ್ಕದ ಬಾಕಿ ಕಟ್ಟುವಂತೆ ಚೀಟಿ ಬಂದಿತು. ಮಾತೆಲ್ಲ ಬಾಯಿಮಾತಾಗಿತ್ತು, ಕಾಗದದ ಮೇಲೆ ಏನೂ ಇರಲಿಲ್ಲ. ಬಿ.ಎ. ಅರ್ಧಕ್ಕೆ ನಿಂತಿತು. ಈಗ ಅವನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. "ಕಾಲು ಹೋದದ್ದಕ್ಕೆ ಬೇಜಾರಿಲ್ಲ ಕಣೋ, ಪುಸ್ತಕ ಹೋಯ್ತಲ್ಲ" ಎಂದು ಒಮ್ಮೆ ಹೇಳಿದ.

ಈ ವರ್ಷ ನಮ್ಮ ಕಾಲೇಜಿನಲ್ಲಿಯೂ ಅಂತರಕಾಲೇಜು ಪಂದ್ಯಗಳಿಗೆ ಬಲವಾದ ತಂಡ ಕಟ್ಟಬೇಕೆಂಬ ಉತ್ಸಾಹ ಎದ್ದಿದೆ. ಹೊರಗಿನಿಂದ ಆಟಗಾರರನ್ನು ಕರೆತರೋಣವೆಂದು ಕೆಲವು ಮಿತ್ರರು ಹೇಳುತ್ತಿದ್ದಾರೆ. ಹಂಬಲ ಒಳ್ಳೆಯದೇ, ನಾನು ಅದಕ್ಕೆ ಅಡ್ಡ ಬರುವವನಲ್ಲ. ಮೂರು ವಿನಂತಿಗಳನ್ನು ಮಾತ್ರ ಕ್ರೀಡಾ ಸಂಘದ ಮತ್ತು ಅಧ್ಯಾಪಕರ ಮುಂದಿಡುತ್ತೇನೆ. ಮೊದಲು ನಮ್ಮ ತಾಲ್ಲೂಕಿನ ಹಳ್ಳಿಯ ಹೈಸ್ಕೂಲುಗಳ ಅಂಗಳಕ್ಕೆ ಹೋಗಿ ನೋಡೋಣ. ಯಾರೂ ನೋಡದ ಹುಡುಗ ಅಲ್ಲಿರಬಹುದು. ಎರಡನೆಯದಾಗಿ, ಏನು ಕೊಡುತ್ತೇವೆಂಬುದನ್ನು ಕಾಗದದ ಮೇಲೆ ಬರೆದು, ಹುಡುಗನಿಗೂ ಮನೆಯವರಿಗೂ ಓದಿ ಹೇಳಿ ಕೊಡೋಣ. ಮೂರನೆಯದಾಗಿ, ಕಾಲು ಮುರಿದರೂ ಆಟ ಕುಗ್ಗಿದರೂ ಪದವಿ ಮುಗಿಯುವವರೆಗೆ ಅವನು ನಮ್ಮವನೇ ಎಂದು ಆ ಕಾಗದದಲ್ಲಿ ಸೇರಿಸೋಣ. ಮೂರನೆಯದನ್ನು ಬರೆಯಲು ನಮಗೆ ಧೈರ್ಯ ಸಾಲದಿದ್ದರೆ, ಯಾರ ಮನೆಗೂ ಹೋಗದಿರುವುದೇ ಲೇಸು.

— ಅಂತಿಮ ಬಿ.ಎ. ವಿದ್ಯಾರ್ಥಿ