ದಂತವೈದ್ಯರಾಗಬಯಸುವ ಮಕ್ಕಳಿಗೊಂದು ಬಳಗ: ಸಂಘಗಳು ಮಾಡಬಹುದಾದ ಕೆಲಸ

ಮುಂಬಯಿ: ಹನ್ನೆರಡನೇ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಗರ, ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ, ಶೈಕ್ಷಣಿಕ ಮಾರ್ಗದರ್ಶನ ಶಿಬಿರಗಳು ಸಾಲುಸಾಲಾಗಿ ಜರಗುತ್ತವೆ. ದಾನಿಗಳ ಔದಾರ್ಯ ಹಾಗೂ ಕಾರ್ಯಕರ್ತರ ಶ್ರಮದಿಂದ ನಡೆಯುವ ಈ ಕಾರ್ಯಕ್ರಮಗಳು ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯಕೀಯ, ದಂತವೈದ್ಯಕೀಯ ಕ್ಷೇತ್ರಗಳ ಮಟ್ಟಿಗೆ ಈ ಮಾರ್ಗದರ್ಶನ ಬಹಳ ತಡವಾಗಿ ದೊರೆಯುತ್ತದೆ. ಶಿಬಿರಕ್ಕೆ ಬರುವ ವಿದ್ಯಾರ್ಥಿ ಆ ವೇಳೆಗೆ ನೀಟ್ ಬರೆದು ಮುಗಿಸಿರುತ್ತಾನೆ. ಎಂಬಿಬಿಎಸ್‌ಗೆ ಅಂಕ ಸಾಲದೆಂದು ತಿಳಿದ ಮೇಲೆ, ಬಿಡಿಎಸ್ ಸೇರಬೇಕೇ ಬೇಡವೇ ಎಂಬ ಐದು ವರ್ಷಗಳ ನಿರ್ಧಾರವನ್ನು ಮನೆಯವರು ಎಂಟು-ಹತ್ತು ದಿನಗಳಲ್ಲಿ ಕೈಗೊಳ್ಳಬೇಕಾಗುತ್ತದೆ.

ಅಂಕಿ-ಅಂಶ ಹೇಳುವುದೇನು?

2025ರಲ್ಲಿ ದೇಶಾದ್ಯಂತ ಸುಮಾರು 22 ಲಕ್ಷ ವಿದ್ಯಾರ್ಥಿಗಳು ನೀಟ್ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹತೆ ಗಳಿಸಿದರು. ಎಂಬಿಬಿಎಸ್ ಸೀಟುಗಳಿರುವುದು ಒಂದೂಕಾಲು ಲಕ್ಷದ ಆಸುಪಾಸು. ಬಿಡಿಎಸ್ ಸೀಟುಗಳು ಸುಮಾರು 27 ಸಾವಿರ. ಇಷ್ಟೊಂದು ಪೈಪೋಟಿಯ ನಡುವೆಯೂ ಬಿಡಿಎಸ್ ಸೀಟುಗಳು ಖಾಲಿ ಉಳಿದದ್ದುಂಟು. 2020-21ನೇ ಸಾಲಿನಲ್ಲಿ ಸುಮಾರು 7 ಸಾವಿರ ಸೀಟುಗಳು ಭರ್ತಿಯಾಗದೆ ಉಳಿದಾಗ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆ ಸಾಲಿನ ಪ್ರವೇಶಕ್ಕೆ ಅರ್ಹತಾ ಮಟ್ಟವನ್ನು 10 ಪರ್ಸೆಂಟೈಲ್ ಇಳಿಸುವಂತೆ ಆದೇಶಿಸಿತು. ಆ 7 ಸಾವಿರದಲ್ಲಿ ಸರಕಾರಿ ಕಾಲೇಜುಗಳ ಸೀಟುಗಳಿದ್ದುದು 265 ಮಾತ್ರ. ಉಳಿದವೆಲ್ಲ ಖಾಸಗಿ ಕಾಲೇಜುಗಳವು.

ಇದರ ಅರ್ಥ ಸ್ಪಷ್ಟ. ದಂತವೈದ್ಯಕೀಯದಲ್ಲಿ ಸೀಟು ಸಿಗುವುದೇ ದೊಡ್ಡ ಸಮಸ್ಯೆಯಲ್ಲ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ಸೇರಿದ ಕೋರ್ಸು ತನಗೆ ಒಗ್ಗುತ್ತದೆಯೇ, ಮುಂದೆ ಬದುಕಿಗೆ ಆಧಾರವಾಗುತ್ತದೆಯೇ ಎಂಬುದನ್ನು ಮೊದಲೇ ತಿಳಿಯುವ ದಾರಿ ಇಲ್ಲದಿರುವುದೇ ಸಮಸ್ಯೆ. ಎಂಡಿಎಸ್ ಸೀಟುಗಳು ಬಿಡಿಎಸ್ ಸೀಟುಗಳ ಸುಮಾರು ಕಾಲು ಭಾಗದಷ್ಟು ಮಾತ್ರ. ಉಳಿದವರು ಸ್ವಂತ ಕ್ಲಿನಿಕ್ ತೆರೆಯಬೇಕು ಇಲ್ಲವೇ ಬೇರೆಯವರ ಕ್ಲಿನಿಕ್‌ನಲ್ಲಿ ದುಡಿಯಬೇಕು. ಮುಂಬಯಿಯಂತಹ ನಗರದಲ್ಲಿ ಜಾಗದ ಬಾಡಿಗೆ, ಕುರ್ಚಿ ಮತ್ತು ಯಂತ್ರಗಳ ಬೆಲೆ ಎಷ್ಟೆಂಬುದನ್ನು ಹೋಟೆಲು, ವ್ಯಾಪಾರ ನಡೆಸುವ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಮಾದರಿ

ಅಮೆರಿಕದಲ್ಲಿ ದಂತವೈದ್ಯಕೀಯ ಶಾಲೆ ಸೇರುವವರು ಬಹುತೇಕ ಮೊದಲು ನಾಲ್ಕು ವರ್ಷದ ಪದವಿ ಮುಗಿಸಿರುತ್ತಾರೆ. ಆ ಅವಧಿಯಲ್ಲಿ ಕಾಲೇಜುಗಳಲ್ಲಿ 'ಪ್ರಿ-ಡೆಂಟಲ್ ಕ್ಲಬ್' ಎಂಬ ವಿದ್ಯಾರ್ಥಿ ಬಳಗಗಳು ನಡೆಯುತ್ತವೆ. ವೈದ್ಯರ ಬಳಿ ನಿಂತು ಕೆಲಸ ನೋಡುವುದು, ಕೈಚಳಕದ ಅಭ್ಯಾಸ, ಪ್ರವೇಶ ಪರೀಕ್ಷೆಯ ಸಿದ್ಧತೆ, ಅಣಕು ಸಂದರ್ಶನ, ಜನಸೇವೆ ಇವೇ ಅಲ್ಲಿನ ಚಟುವಟಿಕೆಗಳು. ನಮ್ಮಲ್ಲಿ ಹನ್ನೆರಡನೇ ತರಗತಿಯಿಂದ ನೇರವಾಗಿ ಬಿಡಿಎಸ್‌ಗೆ ಹೋಗುವುದರಿಂದ ಇಂತಹ ಬಳಗಕ್ಕೆ ಕಾಲೇಜಿನಲ್ಲಿ ಅವಕಾಶವಿಲ್ಲ. ಕೋಚಿಂಗ್ ಕ್ಲಾಸಿಗೆ ಅದರ ಅಗತ್ಯವಿಲ್ಲ. ಈ ತೆರವನ್ನು ತುಂಬಬಲ್ಲವು ಸಂಘಗಳೇ. ಸಭಾಗೃಹವಿದೆ, ಯುವ ವಿಭಾಗವಿದೆ, ಸಮಾಜದಲ್ಲಿ ದಂತವೈದ್ಯರೂ ಇದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ನಡೆಸಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಇದು ಅದರ ಮುಂದಿನ ಹೆಜ್ಜೆಯಾಗಬಹುದು.

ಬಳಗದಲ್ಲಿ ಏನು ಮಾಡಬಹುದು?

ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳು ತಿಂಗಳಿಗೊಂದು ಭಾನುವಾರ ಎರಡು ತಾಸು ಸೇರಿದರೆ ಸಾಕು. ಭಾಷಣಕ್ಕಿಂತ ಕೈಕೆಲಸಕ್ಕೆ ಹೆಚ್ಚು ಸಮಯವಿರಬೇಕು. ಬಿಡಿಎಸ್ ಮೊದಲ ವರ್ಷದಲ್ಲಿ ಮೇಣದ ತುಂಡಿನಲ್ಲಿ ಹಲ್ಲಿನ ಆಕಾರ ಕೆತ್ತುವ ಅಭ್ಯಾಸವಿರುತ್ತದೆ. ಅದನ್ನೇ ಸಾಬೂನಿನ ತುಂಡಿನಲ್ಲಿ ಮಾಡಿಸಬಹುದು. ಖರ್ಚು ತಲೆಗೆ ಕೆಲವೇ ರೂಪಾಯಿ. ಬಾಚಿಹಲ್ಲಿಗೂ ದವಡೆಹಲ್ಲಿಗೂ ಇರುವ ವ್ಯತ್ಯಾಸವನ್ನು ಅರ್ಧ ಗಂಟೆ ಕೆತ್ತಿ ನೋಡಿದ ಹುಡುಗನಿಗೆ, ಸೂಕ್ಷ್ಮ ಕೆಲಸದಲ್ಲಿ ತನಗೆ ತಾಳ್ಮೆಯಿದೆಯೇ ಎಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದು ಕ್ಲಿನಿಕ್ ಭೇಟಿ. ಸಮಾಜದ ದಂತವೈದ್ಯರು ರಜೆಯಲ್ಲಿ ಇಬ್ಬಿಬ್ಬರು ಮಕ್ಕಳನ್ನು ಅರ್ಧ ದಿನ ಕೂರಿಸಿಕೊಳ್ಳಬಹುದು. ರೋಗಿಯ ಒಪ್ಪಿಗೆ ಪಡೆಯಬೇಕು, ಫೋಟೋ ತೆಗೆಯಬಾರದು, ಏನನ್ನೂ ಮುಟ್ಟಬಾರದು ಎಂಬ ನಿಯಮ ಮೊದಲೇ ಹೇಳಿರಬೇಕು. ರಕ್ತ, ವಾಸನೆ, ರೋಗಿಯ ಭಯ ಇವನ್ನು ಕಣ್ಣಾರೆ ಕಂಡ ಮೇಲೂ ಆಸಕ್ತಿ ಉಳಿದರೆ ಅದು ಗಟ್ಟಿಯಾದ ಆಸಕ್ತಿ.

ಮೂರನೆಯದು ಬಾಯಿಯ ಆರೋಗ್ಯ ಶಿಬಿರ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ತಂಬಾಕು, ಅಡಿಕೆ ಜಗಿಯುವ ಚಟ ದುಡಿಯುವ ವರ್ಗದಲ್ಲಿ ಇಂದಿಗೂ ಇದೆ. ಬಾಯಿ ಕ್ಯಾನ್ಸರಿಗೆ ಇದೇ ಮುಖ್ಯ ಕಾರಣಗಳಲ್ಲೊಂದು. ಹೋಟೆಲು ಕಾರ್ಮಿಕರ ನಡುವೆ ಶಿಬಿರ ನಡೆಸುವಾಗ ತಪಾಸಣೆ ವೈದ್ಯರದ್ದು. ಹೆಸರು ಬರೆದುಕೊಳ್ಳುವುದು, ತುಳು, ಕನ್ನಡ, ಮರಾಠಿ, ಹಿಂದಿಯಲ್ಲಿ ವಿವರಿಸುವುದು, ಆಸ್ಪತ್ರೆಗೆ ಹೋಗಬೇಕಾದವರು ಹೋದರೇ ಎಂದು ವಿಚಾರಿಸುವುದು ಮಕ್ಕಳದ್ದು. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನ ಪರೀಕ್ಷೆಗಳ ನಡುವೆ ಬರುವುದರಿಂದ ದೀಪಾವಳಿ ರಜೆಯೇ ಇದಕ್ಕೆ ಅನುಕೂಲ.

ನಾಲ್ಕನೆಯದು ಮುಚ್ಚುಮರೆಯಿಲ್ಲದ ಮಾತುಕತೆ. ಹೆಸರು ಮಾಡಿದ ವೈದ್ಯರನ್ನು ಮಾತ್ರ ಕರೆದರೆ ಸಾಲದು. ಈಗಷ್ಟೇ ಬಿಡಿಎಸ್ ಮುಗಿಸಿ ಸಂಬಳಕ್ಕೆ ದುಡಿಯುತ್ತಿರುವವರನ್ನೂ, ಈ ಕ್ಷೇತ್ರ ಬಿಟ್ಟು ಬೇರೆ ಉದ್ಯೋಗ ಹಿಡಿದವರನ್ನೂ ಕರೆಯಬೇಕು. ಶುಲ್ಕವೆಷ್ಟಾಯಿತು, ಸಾಲ ತೀರಲು ಎಷ್ಟು ವರ್ಷ ಬೇಕಾಯಿತು ಎಂಬ ಲೆಕ್ಕವನ್ನು ಹೆತ್ತವರೂ ಕೇಳಿಸಿಕೊಳ್ಳಬೇಕು. ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಡಿಪ್ಲೊಮಾಗಳೂ ಇವೆಯೆಂಬುದು ಅನೇಕರಿಗೆ ತಿಳಿದಿಲ್ಲ.

ಕಾಗದಪತ್ರ ಮತ್ತು ಕನ್ನಡ

ಸರಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಸೀಟುಗಳಿಗೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳಿಗೂ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ ಅರ್ಜಿ. ಉಳಿದವಕ್ಕೆ ಆಯಾ ರಾಜ್ಯಗಳಲ್ಲಿ. ಮಹಾರಾಷ್ಟ್ರದ ಕೋಟಾಕ್ಕೆ ವಾಸ್ತವ್ಯ ಪ್ರಮಾಣಪತ್ರ, ಮೀಸಲಾತಿ ಬೇಕಿದ್ದರೆ ಜಾತಿಯ ದಾಖಲೆ ಹೊಂದಿಸಲು ತಿಂಗಳುಗಳೇ ಹಿಡಿಯುತ್ತವೆ. ಹನ್ನೊಂದನೇ ತರಗತಿಯಲ್ಲೇ ಕಡತ ಸಿದ್ಧವಾಗುವಂತೆ ಬಳಗ ನೋಡಿಕೊಂಡರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ವೇಳೆಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆಂದೇ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಯಾವ ಕೋರ್ಸಿಗೆ, ಯಾವ ಷರತ್ತಿನ ಮೇಲೆ ಇದು ಅನ್ವಯಿಸುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಮನೆಯಲ್ಲಿ ಮಾತ್ರ ಕನ್ನಡ ಅಥವಾ ತುಳು ಮಾತಾಡುವ ಮಕ್ಕಳು ಓದು-ಬರಹ ಕಲಿಯದೆ ಈ ಪರೀಕ್ಷೆಗೆ ಕೂರುವಂತಿಲ್ಲ. ಬಳಗದ ಪ್ರತಿ ಸಭೆಯಲ್ಲಿ ಅರ್ಧ ಗಂಟೆ ಕನ್ನಡ ಬರಹಕ್ಕೆ ಮೀಸಲಿಟ್ಟರೆ, ಭಾಷೆ ಉಳಿಸಬೇಕೆಂಬ ಸಂಘಗಳ ಬಹುದಿನದ ಮಾತಿಗೂ ಒಂದು ಕಾರಣ ಸಿಕ್ಕಂತಾಗುತ್ತದೆ. ಮಂಗಳೂರು, ಮಣಿಪಾಲದ ಕಾಲೇಜು ಸೇರಿದವರಿಗೆ ರೋಗಿಗಳೊಡನೆ ಮಾತಾಡಲೂ ಅದು ಬೇಕೇ ಬೇಕು.

ನಡೆಸುವವರು ಯಾರು?

ಇಂತಹ ಯೋಜನೆಗಳು ಸೋಲುವುದು ಹಣವಿಲ್ಲದೆ ಅಲ್ಲ. ದೀಪ ಬೆಳಗುವುದು, ಸ್ವಾಗತ, ಶಾಲು, ಸ್ಮರಣಿಕೆ, ಅತಿಥಿಗಳ ಹಿತವಚನ ಮುಗಿಯುವಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ. ಬಳಗದ ಸಭೆಗೆ ವೇದಿಕೆಯೇ ಇರಬಾರದು. ಕಾರ್ಯದರ್ಶಿ, ಕೋಶಾಧಿಕಾರಿಯನ್ನು ಮಕ್ಕಳೇ ವರ್ಷಕ್ಕೊಮ್ಮೆ ಆರಿಸಿಕೊಳ್ಳಲಿ. ಹನ್ನೆರಡನೆಯವರು ಓದಿನಲ್ಲಿ ಮುಳುಗುವುದರಿಂದ ಹೊಣೆ ಹನ್ನೊಂದನೆಯವರಿಗಿರಲಿ. ಸಂಘದ ಹಿರಿಯರೊಬ್ಬರು ಸಲಹೆಗಾರರಾಗಿ ಜತೆಗಿದ್ದರೆ ಸಾಕು. ಒಂದೇ ಸಂಘದಲ್ಲಿ ಸಾಕಷ್ಟು ಮಕ್ಕಳಿಲ್ಲದಿದ್ದರೆ ಜಾತಿ, ಊರೆಂಬ ಗೆರೆ ದಾಟಿ ಒಂದೇ ಪರಿಸರದ ನಾಲ್ಕಾರು ಸಂಘಗಳು ಕೂಡಿ ನಡೆಸಬಹುದು.

ಯಶಸ್ಸನ್ನು ಅಳೆಯುವ ಬಗೆಯೂ ಬದಲಾಗಬೇಕು. ಎಷ್ಟು ಮಂದಿಗೆ ಸೀಟು ಸಿಕ್ಕಿತೆಂದು ಮಾತ್ರ ಎಣಿಸಿದರೆ, ಸಿಗದವರು ಮರುತಿಂಗಳು ಸಂಘದ ಕಡೆ ತಲೆ ಹಾಕುವುದಿಲ್ಲ. ಎಲ್ಲವನ್ನೂ ನೋಡಿ ತಿಳಿದು 'ಇದು ನನ್ನ ದಾರಿಯಲ್ಲ' ಎಂದು ಬೇರೆ ಕೋರ್ಸು ಆರಿಸಿಕೊಂಡ ವಿದ್ಯಾರ್ಥಿಯೂ ಬಳಗದ ಸಾಧನೆಯೇ. ಆತನ ಮನೆಯವರಿಗೆ ಲಕ್ಷಾಂತರ ರೂಪಾಯಿಯೂ ಐದು ವರ್ಷವೂ ಉಳಿದಿರುತ್ತದೆ. ವಿದ್ಯಾರ್ಥಿವೇತನಕ್ಕೆ ವರ್ಷವೂ ನಿಧಿ ತೆಗೆದಿಡುವ ಸಂಘಗಳು ಅದರ ಒಂದಂಶವನ್ನು ಇದಕ್ಕೆ ಕೊಟ್ಟರೆ ಮುಂದಿನ ಜೂನ್‌ಗೆ ಕಾಯಬೇಕಿಲ್ಲ. ಯುವ ವಿಭಾಗಗಳು ಈ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲೇ ವಿಷಯ ಮಂಡಿಸಬಹುದು.